ವಿಡಿಯೋ ಗೇಟ್‌ವೇಗೆ ಪಿಆರ್‌ಐ ಸಿಗ್ನಲಿಂಗ್ ಹೊಂದಿಸಿದ ನನ್ನ ಅನುಭವ

ತುಮಕೂರಿನ ತರಬೇತಿ ಕೇಂದ್ರವೊಂದರ ವಿಡಿಯೋ ಕಾನ್ಫರೆನ್ಸ್ ವ್ಯವಸ್ಥೆ ನನ್ನ ಸುಪರ್ದಿಯಲ್ಲಿತ್ತು. ಕಟ್ಟಡದೊಳಗಿನ ಯಂತ್ರಗಳೆಲ್ಲ ಕಂಪ್ಯೂಟರ್ ಜಾಲದ ಮೇಲೆ ವಿಡಿಯೋ ಕಳಿಸುವ ಎಚ್.323 ಮಾನದಂಡ ಬಳಸುತ್ತಿದ್ದವು, ಪಾವಗಡ, ಮಧುಗಿರಿ, ಶಿರಾ ಕಡೆಯವು ಐಎಸ್‌ಡಿಎನ್ ಎಂಬ ಡಿಜಿಟಲ್ ದೂರವಾಣಿ ಲೈನಿನಲ್ಲಿ ಓಡುವ ಎಚ್.320 ಮಾನದಂಡದ ಯಂತ್ರಗಳು. ಇವೆರಡನ್ನೂ ಬೆಸೆಯುವ ಗೇಟ್‌ವೇಗೆ ದೂರವಾಣಿ ವಿನಿಮಯ ಕೇಂದ್ರದಿಂದ ಒಂದು ಪಿಆರ್‌ಐ ಲೈನು (ಅನೇಕ ಕರೆಗಳನ್ನು ಒಟ್ಟಿಗೆ ಹೊರುವ ಐಎಸ್‌ಡಿಎನ್ ಲೈನು) ಬಂದಿತ್ತು. ಚಿತ್ರ ಬಾರದಿದ್ದರೆ ಎಲ್ಲರೂ ಮೊದಲು ಕ್ಯಾಮೆರಾ, ಚಿತ್ರ-ಧ್ವನಿಯನ್ನು ಸಂಕೇತಿಸುವ ಕೋಡೆಕ್‌ಗಳನ್ನೇ ಅನುಮಾನಿಸುತ್ತಾರೆ. ಸಿಗ್ನಲಿಂಗ್ (ಕರೆ ಜೋಡಿಸುವ, ಕಡಿಯುವ ಸಂದೇಶಗಳ ವಿನಿಮಯ) ಕೆಳಗಿನ ಪದರದಿಂದ ಮೇಲಕ್ಕೆ ಸರಿಯಾಗುವ ತನಕ ಅವುಗಳನ್ನು ಮುಟ್ಟಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಲಸಕ್ಕೆ ಮುನ್ನ ವಿನಿಮಯ ಕೇಂದ್ರದ ತಾಂತ್ರಿಕ ಸಿಬ್ಬಂದಿಯಿಂದ ಲೈನಿನ ವಿವರಗಳನ್ನು ಬರಹದಲ್ಲೇ ಪಡೆದೆ. ನಮ್ಮಲ್ಲಿ ಪಿಆರ್‌ಐ ಎಂದರೆ ಇ-1: ಸೆಕೆಂಡಿಗೆ 2,048 ಕಿಲೋಬಿಟ್, 32 ಟೈಮ್‌ಸ್ಲಾಟ್, ಸೊನ್ನೆಯನೆಯದು ಫ್ರೇಮಿನ ಹೊಂದಾಣಿಕೆಗೆ, 16ನೆಯದು ಸಿಗ್ನಲಿಂಗ್ ಹೊರುವ ಡಿ ಚಾನೆಲ್‌ಗೆ, ಉಳಿದ 30 ಕರೆಗಳಿಗೆ. ಸ್ವಿಚ್ ಮಾದರಿ (ವಿನಿಮಯ ಕೇಂದ್ರ ಬಳಸುವ ಸಂದೇಶಗಳ ಬಗೆ) ಯೂರೋ ಐಎಸ್‌ಡಿಎನ್, ಬಿಟ್‌ಗಳನ್ನು ತಂತಿಯ ಮೇಲೆ ಮೂಡಿಸುವ ಲೈನ್ ಕೋಡ್ ಎಚ್‌ಡಿಬಿ-3. ಫ್ರೇಮಿನ ದೋಷ ಪತ್ತೆಹಚ್ಚುವ ಸಿಆರ್‌ಸಿ-4 ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ಊಹೆಗೆ ಬಿಡಬಾರದು, ಎರಡೂ ತುದಿಯಲ್ಲಿ ಒಂದೇ ಇರಬೇಕು. ಗಡಿಯಾರವನ್ನು ಗೇಟ್‌ವೇ ಲೈನಿನಿಂದಲೇ ಪಡೆಯುವಂತೆ ಇಟ್ಟೆ. ತನ್ನದೇ ಗಡಿಯಾರದಲ್ಲಿ ಓಡಿದರೆ ಫ್ರೇಮುಗಳು ಆಗಾಗ ಜಾರುತ್ತವೆ. ಧ್ವನಿಯ ಕರೆಯಲ್ಲಿ ಒಂದು ಚಿಟಿಕೆ ಸದ್ದಾಗಿ ಮುಗಿಯುವ ಈ ಜಾರುವಿಕೆ ವಿಡಿಯೋದಲ್ಲಿ ಚಿತ್ರವನ್ನೇ ಒಡೆಯುತ್ತದೆ.

ಇಷ್ಟು ಮೊದಲ ಪದರದ ಮಾತು. ಡಿ ಚಾನೆಲ್‌ನ ಕೊಂಡಿ ಕಟ್ಟುವ ಎರಡನೆಯ ಪದರದಲ್ಲಿ ವಿನಿಮಯ ಕೇಂದ್ರ ನೆಟ್‌ವರ್ಕ್ ಬದಿ, ಗೇಟ್‌ವೇ ಬಳಕೆದಾರ ಬದಿ, ತುದಿಯ ಯಂತ್ರವನ್ನು ಗುರುತಿಸುವ ಸಂಖ್ಯೆಯಾದ ಟಿಇಐ ಸೊನ್ನೆ. ಡಿ ಚಾನೆಲ್‌ನ ಟ್ರೇಸ್ (ಸಂದೇಶಗಳ ದಾಖಲೆ) ತೆರೆದಾಗ ನಮ್ಮಿಂದ ಹೋದ ಎಸ್‌ಎಬಿಎಂಇಗೆ (ಕೊಂಡಿ ತೆರೆಯುವ ಕೋರಿಕೆಗೆ) ಯುಎ (ಒಪ್ಪಿಗೆ) ಉತ್ತರ ಬಂದರೆ ಪದರ ನಿಂತಿದೆ ಎಂದರ್ಥ. ಉತ್ತರವಿಲ್ಲದೆ ಅದೇ ಸಂದೇಶ ಮರುಕಳಿಸುತ್ತಿದ್ದರೆ ಫ್ರೇಮಿಂಗ್, ಕೇಬಲ್, ಬದಿ ಈ ಮೂರನ್ನೇ ನೋಡಬೇಕು.

ನಿಜವಾದ ಕೆಲಸ ಮೂರನೆಯ ಪದರದಲ್ಲಿ, ಕರೆ ಜೋಡಿಸುವ ಕ್ಯೂ.931 ನಿಯಮಾವಳಿಯಲ್ಲಿದೆ. ಫೋನಿನ ಕರೆ ಸಲೀಸಾಗಿ ಹೋಗುವ ಲೈನಿನಲ್ಲೇ ವಿಡಿಯೋ ಕರೆ ತಿರಸ್ಕೃತವಾಗುತ್ತಿತ್ತು. ವಿಡಿಯೋಗೆ ಬೇಕಾದದ್ದು 64 ಕಿಲೋಬಿಟ್‌ನ ನಿರ್ಬಂಧವಿಲ್ಲದ ಡಿಜಿಟಲ್ ಬೇರರ್ (ಬಿಟ್‌ಗಳನ್ನು ಬದಲಿಸದೆ ಸಾಗಿಸುವ ದಾರಿ). ಕರೆ ಆರಂಭಿಸುವ ಸೆಟಪ್ ಸಂದೇಶದಲ್ಲಿ ಗೇಟ್‌ವೇ ಅದನ್ನೇ ಕೇಳುತ್ತಿತ್ತು, ಆದರೆ ಡೇಟಾ ಕರೆಗೆ ಆ ಲೈನಿನಲ್ಲಿ ಅನುಮತಿಯೇ ಇರಲಿಲ್ಲ. ಟ್ರೇಸ್‌ನಲ್ಲಿ ಕಾರಣ ಸಂಕೇತ 57 ಎಂದು ಸ್ಪಷ್ಟವಾಗಿ ಕಂಡಿತು. ಆ ಪುಟವನ್ನು ಮುದ್ರಿಸಿ ತೋರಿಸಿದ ಮೇಲೆ ಮಾತು ಬೆಳೆಯಲಿಲ್ಲ, ಅನುಮತಿ ದೊರೆಯಿತು. ಇಂಥಲ್ಲಿ ವಾದಕ್ಕಿಂತ ಸಂಕೇತ ಹೆಚ್ಚು ಕೆಲಸ ಮಾಡುತ್ತದೆ: 88 ಬಂದರೆ ಆಚೆ ತುದಿಯ ಯಂತ್ರ ಹೊಂದುತ್ತಿಲ್ಲ, 34 ಬಂದರೆ ಖಾಲಿ ಚಾನೆಲ್ ಇಲ್ಲ, 28 ಬಂದರೆ ಸಂಖ್ಯೆಯ ರೂಪ ತಪ್ಪಿದೆ.

ಸಂಖ್ಯೆಯ ರೂಪದಲ್ಲಿ ನನ್ನ ಗಮನ ಬಹಳ ಹೋಯಿತು. ಸಂಖ್ಯೆಯ ಬಗೆಯನ್ನು ‘ರಾಷ್ಟ್ರೀಯ’ ಎಂದು ಇಟ್ಟರೆ ಪಾವಗಡದ 08136ರ ಮುಂದಿನ ಸೊನ್ನೆಯನ್ನು ಕಳಿಸಬಾರದು. ‘ಅಜ್ಞಾತ’ ಎಂದು ಇಟ್ಟರೆ ಸೊನ್ನೆ ಬೇಕೇ ಬೇಕು. ನಾನು ಎರಡನೆಯದನ್ನು ಆರಿಸಿಕೊಂಡೆ, ಏಕೆಂದರೆ ಜನ ಫೋನಿನಲ್ಲಿ ಒತ್ತುವ ಹಾಗೆಯೇ ಒತ್ತಿದರೆ ಸಾಕಾಗುತ್ತದೆ.

384 ಕಿಲೋಬಿಟ್ ಕರೆಯೆಂದರೆ ಒಂದು ಕರೆಯಲ್ಲ, ಬಾಂಡಿಂಗ್ ವಿಧಾನದಿಂದ ಹೆಣೆದ ಆರು ಕರೆಗಳು. ಪಾವಗಡದಲ್ಲಿ ಅದಕ್ಕೆಂದೇ ತಲಾ ಎರಡು ಕರೆ ಹೊರುವ ಮೂರು ಬಿಆರ್‌ಐ ಲೈನುಗಳಿದ್ದವು. ಅಲ್ಲಿಂದ ಮೊದಲ ಕರೆ ಕೂಡಿದ ಮೇಲೆ, ಉಳಿದ ಐದಕ್ಕೆ ಯಾವ ಸಂಖ್ಯೆ ಒತ್ತಬೇಕೆಂದು ನಮ್ಮ ಗೇಟ್‌ವೇಯೇ ಆ ಮೊದಲ ಚಾನೆಲ್ಲಿನ ಮೂಲಕ ತಿಳಿಸಬೇಕು. ಅದು ಕೊಡುವುದು ಕೊನೆಯ ಅಂಕಿಗಳನ್ನಷ್ಟೇ. ಕರೆದ ಯಂತ್ರ ತಾನು ಮೊದಲು ಒತ್ತಿದ ಸಂಖ್ಯೆಯ ಬಾಲದ ಅಂಕಿಗಳ ಜಾಗದಲ್ಲಿ ಅವನ್ನು ಇಟ್ಟುಕೊಂಡು ಮತ್ತೆ ಕರೆಯುತ್ತದೆ. ಆದ್ದರಿಂದ ಗೇಟ್‌ವೇಯ ಸ್ವಂತ ಸಂಖ್ಯೆಯ ಜಾಗದಲ್ಲಿ ತುಮಕೂರಿನ ಸಂಕೇತವಾದ 0816 ಸೇರಿಸದೆ, ಸ್ಥಳೀಯ ಏಳು ಅಂಕಿಗಳನ್ನಷ್ಟೇ ಬರೆದೆ. ಒಂದು ಚಾನೆಲ್ ಹತ್ತಿ ಐದು ಹತ್ತದಿದ್ದರೆ ನಾನು ಮೊದಲು ತೆರೆಯುವ ಪುಟ ಇದೇ.

ಒಳಬರುವ ಕರೆಯಲ್ಲಿ ವಿನಿಮಯ ಕೇಂದ್ರ ಎಷ್ಟು ಅಂಕಿ ಕಳಿಸುತ್ತದೆ, ಎಲ್ಲವನ್ನೂ ಒಟ್ಟಿಗೆ ಕಳಿಸುತ್ತದೆಯೋ ಒಂದೊಂದಾಗಿಯೋ ಎಂಬುದನ್ನೂ ಟ್ರೇಸ್‌ನಲ್ಲೇ ನೋಡಿಕೊಂಡೆ. ಒಂದೊಂದಾಗಿ ಬರುವಲ್ಲಿ ಓವರ್‌ಲ್ಯಾಪ್ ಸ್ವೀಕಾರ (ಅಂಕಿಗಳೆಲ್ಲ ಬರುವ ತನಕ ಕಾಯುವ ವ್ಯವಸ್ಥೆ) ತೆರೆದಿಡದಿದ್ದರೆ ಗೇಟ್‌ವೇ ಅರ್ಧ ಸಂಖ್ಯೆಯನ್ನೇ ಪೂರ್ಣವೆಂದು ತಿಳಿದು ಕರೆಯನ್ನು ಕಡಿಯುತ್ತದೆ. ಹೊರಗಿನವರು ಒತ್ತುವ ಪೈಲಟ್ ಸಂಖ್ಯೆ ಒಂದೇ ಆದ್ದರಿಂದ, ಒಳಗಿನ ಯಾವ ಕೊಠಡಿ ಬೇಕೆಂಬುದನ್ನು ಎಚ್.320 ಯಂತ್ರಗಳು ಒಳಸಂಖ್ಯೆ ಕಳಿಸುವ ಟಿಸಿಎಸ್-4 ಮೂಲಕ ಕೇಳುವಂತೆ ಮಾಡಿದೆ. ಅದನ್ನರಿಯದ ಹಳೆಯ ಯಂತ್ರಗಳಿಗೆ ಧ್ವನಿ ಸೂಚನೆ ಕೇಳಿ ಅಂಕಿ ಒತ್ತುವ ದಾರಿ ಉಳಿಸಿದೆ. ಹೊರಹೋಗುವ ಕರೆಗೆ, ಎಚ್.323 ಕರೆಗಳ ದಾರಿ ನಿರ್ಧರಿಸುವ ಗೇಟ್‌ಕೀಪರ್‌ನಲ್ಲಿ 128 ಕಿಲೋಬಿಟ್‌ಗೆ ಒಂದು, 384ಕ್ಕೆ ಇನ್ನೊಂದು ಪೂರ್ವಾಂಕಿ ಕೊಟ್ಟೆ. ಆ ಪೂರ್ವಾಂಕಿಗಳ ಪಟ್ಟಿಯನ್ನು ಪ್ರತಿ ಕೊಠಡಿಯ ರಿಮೋಟಿನ ಪಕ್ಕದಲ್ಲೇ ಅಂಟಿಸಿದೆ.