ವಾಲ್ವ್ ಪ್ರೀಆಂಪ್ ಗುಂಯ್ ಅಂದರೆ ಮೊದಲು ಕಿವಿ, ಆಮೇಲೆ ಕೈ

ನಮ್ಮ ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಗೋಡೆಯ ಆಚೆ ಜೀನ್ಸ್ ಹೊಲಿಯುವ ಯೂನಿಟ್ ಇದೆ. ಬೆಳಿಗ್ಗೆ ಮಷಿನ್‌ಗಳು ಶುರುವಾದರೆ ಕತ್ತಲಾಗುವ ತನಕ ಮೋಟಾರಿನ ಸದ್ದು. ಹಾಗಾಗಿ ನಾನು ಕಟ್ಟಿದ ಮೊದಲ ಗಿಟಾರ್ ಪ್ರೀಆಂಪ್ (ಗಿಟಾರಿನ ಸಣ್ಣ ಸಿಗ್ನಲನ್ನು ಗಾಜಿನ ವಾಲ್ವ್‌ಗಳಿಂದ ಹಿಗ್ಗಿಸುವ ಡಬ್ಬಿ) ಗುಂಯ್ ಅಂದಾಗ ಬೈಗುಳ ಎಲ್ಲ ಆ ಮೋಟಾರುಗಳಿಗೇ ಹೋಯಿತು. ಒಂದು ರಾತ್ರಿ ಯೂನಿಟ್‌ಗೆ ಬೀಗ ಬಿದ್ದ ಮೇಲೆ ಆನ್ ಮಾಡಿದೆ. ಅದೇ ಗುಂಯ್! ತಪ್ಪು ನನ್ನ ಡಬ್ಬಿಯೊಳಗೇ ಇತ್ತು. ಅದನ್ನು ಹಿಡಿಯುವಷ್ಟರಲ್ಲಿ ಮೂರು ಹೊಸ ವಾಲ್ವ್ ತರಿಸಿ ದುಡ್ಡು ಕಳೆದಿದ್ದೆ. ಮೂರೂ ಚೆನ್ನಾಗಿದ್ದವು, ಹಳೆಯದೂ ಚೆನ್ನಾಗಿತ್ತು.

ಮುಚ್ಚಳ ಬಿಚ್ಚುವ ಮುಂಚೆ ಒಂದು ಮಾತು. ನನ್ನ ಪ್ರೀಆಂಪ್‌ನಲ್ಲಿ 280 ವೋಲ್ಟ್ ಡಿಸಿ ಇದೆ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತರೂ ಡಿಸಿಯ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತವೆ. ಒಮ್ಮೆ ಚಹಾ ಕುಡಿದು ಬಂದು ಕೈ ಹಾಕಿದೆ, ಮೊಣಕೈವರೆಗೆ ಹೊಡೆಯಿತು. ಈಗ 10 ಕಿಲೋ ಓಂ, 5 ವ್ಯಾಟ್ ರೆಸಿಸ್ಟರ್‌ಗೆ ಇನ್ಸುಲೇಟೆಡ್ ಕ್ಲಿಪ್ ಹಾಕಿ ಇಟ್ಟಿದ್ದೇನೆ. ಒಂದು ತುದಿ ಚಾಸಿಗೆ (ಲೋಹದ ಡಬ್ಬಿಗೆ), ಇನ್ನೊಂದು ಕೆಪಾಸಿಟರ್‌ನ ಪ್ಲಸ್‌ಗೆ. ಹತ್ತು ಸೆಕೆಂಡ್ ಹಿಡಿದು, ಮೀಟರ್ ಹಚ್ಚಿ, ಸೊನ್ನೆ ಹತ್ತಿರ ಬಂದ ಮೇಲೆಯೇ ಕೆಲಸ. ಆನ್ ಇದ್ದಾಗ ಅಳೆಯುವುದಿದ್ದರೆ ಎಡಗೈ ಜೇಬಿನಲ್ಲಿ, ಕಾಲಲ್ಲಿ ಚಪ್ಪಲಿ. ಅರ್ತ್ ಪಿನ್ ಕಿತ್ತರೆ ಹಮ್ (ಈ ಗುಂಯ್ ಸದ್ದು) ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕೆಲವೊಮ್ಮೆ ಹೋಗುವುದು ನಿಜ, ಆದರೆ ಆ ಪಿನ್ ಇರುವುದು ನಿಮ್ಮ ಜೀವಕ್ಕೆ.

ಈಗ ಕೇಳಿ. ಗಿಟಾರ್ ಕೇಬಲ್ ಕಿತ್ತುಹಾಕಿ. ಸದ್ದು ನಿಂತರೆ ಪ್ರೀಆಂಪ್ ತಪ್ಪಲ್ಲ. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಒಂದೇ ಸುರುಳಿ) ಇದ್ದರೆ ಗಿಟಾರ್ ಹಿಡಿದು ನಿಂತಲ್ಲೇ ಸುತ್ತಿ ನೋಡಿ, ಒಂದು ದಿಕ್ಕಿನಲ್ಲಿ ಸದ್ದು ಕಡಿಮೆ ಆಗುತ್ತದೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಮತ್ತು ಅಗ್ಗದ ಎಲ್‌ಇಡಿ ಬಲ್ಬ್ ಎರಡನ್ನೂ ಆಫ್ ಮಾಡಿ ಇನ್ನೊಮ್ಮೆ ಕೇಳಿ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡಿಸುತ್ತಿದ್ದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಕರೆಂಟ್ ಬರಲಿ.

ಕೇಬಲ್ ಕಿತ್ತರೂ ಸದ್ದು ಇದೆಯಾ? ವಾಲ್ಯೂಮ್ ತಿರುಗಿಸಿ. ಜೊತೆಗೆ ಏರಿ ಇಳಿದರೆ ಗಲಾಟೆ ವಾಲ್ಯೂಮ್‌ಗಿಂತ ಮುಂಚಿನ ಹಂತದಲ್ಲಿದೆ. ಸೊನ್ನೆಗೆ ತಂದರೂ ಹಾಗೇ ಇದ್ದರೆ ಅದರ ನಂತರದ್ದು. ಐದು ಸೆಕೆಂಡಿನಲ್ಲಿ ಅರ್ಧ ಸರ್ಕ್ಯೂಟ್ ಹುಡುಕಾಟದಿಂದ ಬಿಟ್ಟುಹೋಯಿತು ಅಲ್ವಾ? ಉಳಿದರ್ಧಕ್ಕೂ ಅದೇ ಉಪಾಯ. ಪವರ್ ತೆಗೆದು, ಕೆಪಾಸಿಟರ್ ಖಾಲಿ ಮಾಡಿ, ವಾಲ್ವ್‌ನ ಒಂದು ಗ್ರಿಡ್ ಪಿನ್‌ಗೆ (ಸಿಗ್ನಲ್ ಒಳಬರುವ ಪಿನ್) ಕ್ಲಿಪ್ ಹಾಕಿ ಗ್ರೌಂಡ್‌ಗೆ (ಸರ್ಕ್ಯೂಟಿನ ಸೊನ್ನೆ ವೋಲ್ಟ್) ಸೇರಿಸಿ, ಮತ್ತೆ ಆನ್ ಮಾಡಿ. ಪ್ರೀಆಂಪ್‌ಗಳಲ್ಲಿ ಸಾಮಾನ್ಯವಾಗಿ ಇರುವ 12ಎಎಕ್ಸ್7 ವಾಲ್ವ್‌ನಲ್ಲಿ ಗ್ರಿಡ್ ಅಂದರೆ 2 ಮತ್ತು 7ನೇ ಪಿನ್. ಸದ್ದು ನಿಂತರೆ ಕಳ್ಳ ಆ ಗ್ರಿಡ್‌ಗಿಂತ ಹಿಂದೆ ಇದ್ದಾನೆ. ಒಂದು ಎಚ್ಚರ: ಕ್ಯಾಥೋಡ್ ಫಾಲೋಯರ್ (ಸಿಗ್ನಲ್ ಕ್ಯಾಥೋಡ್ ಪಿನ್‌ನಿಂದ ಹೊರಬರುವ ಹಂತ) ಇದ್ದರೆ ಅದರ ಗ್ರಿಡ್ ಸಾಮಾನ್ಯವಾಗಿ ಹಿಂದಿನ ಹಂತದ ಪ್ಲೇಟ್‌ಗೆ (ಹೈ ವೋಲ್ಟೇಜ್ ಇರುವ ಪಿನ್) ನೇರ ಸೇರಿರುತ್ತದೆ, ನೂರಕ್ಕೂ ಜಾಸ್ತಿ ವೋಲ್ಟ್ ಇರುತ್ತದೆ. ಅದಕ್ಕೆ ಈ ಕ್ಲಿಪ್ ಹಾಕಬೇಡಿ.

ಇನ್ನು ಗುಂಯ್ ಯಾವ ಜಾತಿಯದು ಅನ್ನುವುದು. ನಮ್ಮ ಕರೆಂಟ್ 50 ಹರ್ಟ್ಜ್. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ದಾಟಿದ ಮೇಲೆ ಅದು 100 ಆಗುತ್ತದೆ. ಮೀಟರ್ ಬೇಡ, ಪಕ್ಕದಲ್ಲಿ ಒಂದು ಅಕೌಸ್ಟಿಕ್ ಗಿಟಾರ್ ಇಟ್ಟುಕೊಳ್ಳಿ. ದಪ್ಪ ಇ ತಂತಿಯ ಮೂರನೇ ಫ್ರೆಟ್ 98 ಹರ್ಟ್ಜ್. ಮೀಟಿದಾಗ ಹಮ್ ಜೊತೆ ಸೇರಿ ಸೆಕೆಂಡಿಗೆ ಎರಡು ಸಲ ಉವ್ವ್ ಉವ್ವ್ ಅಂತ ತೂಗಿದರೆ ಅದು 100. ಅಂದರೆ ಪವರ್ ಸಪ್ಲೈ ಅಥವಾ ಗ್ರೌಂಡ್ ವೈರಿಂಗ್. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, ಮೆತ್ತಗೆ ಇದ್ದರೆ 50. ಅಂದರೆ ಹೀಟರ್ (ವಾಲ್ವ್ ಒಳಗೆ ಬಿಸಿ ಮಾಡುವ ತಂತಿ) ವೈರ್, ಟ್ರಾನ್ಸ್‌ಫಾರ್ಮರ್‌ನ ಕಾಂತ, ಇಲ್ಲವೇ ಪವರ್ ಆಂಪ್ ಜೊತೆಗಿನ ಗ್ರೌಂಡ್ ಲೂಪ್ (ಎರಡು ಕಡೆ ಗ್ರೌಂಡ್ ಸೇರಿ ಆಗುವ ಸುತ್ತು).

ನನ್ನದು 100 ಇತ್ತು. ಮೊದಲು ಫಿಲ್ಟರ್ ಕೆಪಾಸಿಟರ್ ಮೇಲೆ ಅನುಮಾನ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಬಿಸಿಗೆ ಇಂಥ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಬೇಗ ಒಣಗುತ್ತದೆ. ಆದರೆ ಅವು ಹೊಸವು. ಆಮೇಲೆ ತಲೆಕೆಳಗಾಗಿ ಬಿದ್ದಿದ್ದ ಚಾಸಿಯನ್ನು ಸುಮಾರು ಹೊತ್ತು ಸುಮ್ನೆ ನೋಡುತ್ತಾ ಕೂತೆ. ಮೊದಲ ಫಿಲ್ಟರ್ ಕೆಪಾಸಿಟರ್‌ನ ಮೈನಸ್‌ನಿಂದ ಹೊರಟ ಕಪ್ಪು ವೈರ್ ಇಡೀ ಚಾಸಿ ದಾಟಿ ಇನ್‌ಪುಟ್ ಜಾಕ್ ಪಕ್ಕದ ಟ್ಯಾಗ್‌ಗೆ ಸೇರಿತ್ತು. ಬೆಸುಗೆ ಹಾಕಲು ಅಲ್ಲಿ ಜಾಗ ಚೆನ್ನಾಗಿತ್ತು ಅಂತ ನಾನೇ ಹಾಕಿದ್ದು. ಆ ಕೆಪಾಸಿಟರ್ ಸೆಕೆಂಡಿಗೆ ನೂರು ಸಲ ಗುಟುಕು ಗುಟುಕಾಗಿ ಚಾರ್ಜ್ ಎಳೆಯುತ್ತದೆ. ಅಷ್ಟೂ ಗುಟುಕು ಗಿಟಾರ್‌ನ ಗ್ರೌಂಡ್ ಹತ್ತಿರದಿಂದಲೇ ಹೋಗುತ್ತಿತ್ತು. ಬ್ರಿಡ್ಜ್‌ನ ಮೈನಸ್ ವೈರ್ ಮತ್ತು ಕೆಪಾಸಿಟರ್ ಮೈನಸ್ ಎರಡನ್ನೂ ನೇರ ಒಟ್ಟಿಗೆ ಬೆಸೆದು, ಅಲ್ಲಿಂದ ಒಂದೇ ವೈರ್ ಗ್ರೌಂಡ್ ಬಸ್‌ಗೆ (ಎಲ್ಲ ಗ್ರೌಂಡ್‌ಗಳು ಸೇರುವ ತಂತಿ) ಕೊಟ್ಟೆ. ಇನ್‌ಪುಟ್ ಜಾಕ್‌ಗೆ ಪ್ಲಾಸ್ಟಿಕ್ ವಾಷರ್ ಹಾಕಿ ಚಾಸಿಯಿಂದ ಬಿಡಿಸಿದೆ, ಬಸ್ ಚಾಸಿಗೆ ಒಂದೇ ಕಡೆ ಸೇರುವಂತೆ. ಆನ್ ಮಾಡಿದರೆ ಸದ್ದೇ ಇಲ್ಲ. ಪವರ್ ಬಂದಿಲ್ಲ ಅಂದುಕೊಂಡು ಪ್ಲಗ್ ನೋಡಿದೆ!

50 ಹರ್ಟ್ಜ್ ಇದ್ದರೆ ಹೀಟರ್ ಪರೀಕ್ಷೆಗೆ ಎಮರ್ಜೆನ್ಸಿ ಲೈಟ್‌ನ 6 ವೋಲ್ಟ್ ಬ್ಯಾಟರಿ ಸಾಕು. ಟ್ರಾನ್ಸ್‌ಫಾರ್ಮರ್‌ನ 6.3 ವೋಲ್ಟ್ ವೈರ್ ಬಿಡಿಸಿ ಬ್ಯಾಟರಿ ಕೊಡಿ, ಮೈನಸ್ ಗ್ರೌಂಡ್‌ಗೆ ಇರಲಿ. ಹಮ್ ಹೋದರೆ ಹೀಟರ್‌ನದೇ ತಪ್ಪು. ಎರಡು ವೈರ್ ಬಿಗಿಯಾಗಿ ಹೆಣೆದು ಚಾಸಿ ಮೂಲೆಗೆ ಒತ್ತಿ, ಗ್ರಿಡ್ ವೈರ್‌ನಿಂದ ದೂರ ಇಡಿ. ಆ 6.3 ವೋಲ್ಟ್ ಸುರುಳಿಗೆ ಸೆಂಟರ್ ಟ್ಯಾಪ್ (ನಟ್ಟನಡುವಿನಿಂದ ಬರುವ ವೈರ್) ಇಲ್ಲದಿದ್ದರೆ ಎರಡೂ ಕಡೆಯಿಂದ ಒಂದೊಂದು 100 ಓಂ ರೆಸಿಸ್ಟರ್ ಗ್ರೌಂಡ್‌ಗೆ ಕೊಡಿ. ಇದನ್ನು ಮರೆಯುವವರು ಬಹಳ.

ಪಟಪಟ, ಚರಚರ ಅಂದರೆ ಊದುಬತ್ತಿಯ ಕಡ್ಡಿ ಸಾಕು. ಒಣ ಬಿದಿರು, ಕರೆಂಟ್ ಹರಿಯುವುದಿಲ್ಲ. ಅದರಿಂದ ಒಂದೊಂದು ವಾಲ್ವ್, ಒಂದೊಂದು ಬೆಸುಗೆ ಮೆಲ್ಲಗೆ ತಟ್ಟಿ. ವಾಲ್ವ್ ತಟ್ಟಿದಾಗ ಸ್ಪೀಕರ್‌ನಲ್ಲಿ ಟಿಂಗ್ ಅಂದು ಎಳೆದರೆ ಅದು ಮೈಕ್ರೋಫೋನಿಕ್ (ಅಲುಗಾಟವನ್ನೇ ಸದ್ದು ಮಾಡುವ ವಾಲ್ವ್), ಆಗ ಮಾತ್ರ ಹೊಸ ವಾಲ್ವ್‌ಗೆ ದುಡ್ಡು ಕೊಡಿ. ನಮ್ಮಲ್ಲಿ ಅದಿರಿನ ಕೆಂಪು ಧೂಳು ಸಾಕೆಟ್‌ನ ಒಳಗೂ ಹೋಗುತ್ತದೆ. ಆಫ್ ಮಾಡಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ವಾಲ್ವನ್ನು ನಾಲ್ಕೈದು ಸಲ ತೆಗೆದು ಹಾಕಿ. ವಾಲ್ಯೂಮ್ ತಿರುಗಿಸಿದಾಗ ಮಾತ್ರ ಕರಕರ ಅಂದರೆ ಪಾಟ್ (ವಾಲ್ಯೂಮ್‌ನ ತಿರುಗುವ ರೆಸಿಸ್ಟರ್) ಮೇಲೆ ಡಿಸಿ ಅಳೆಯಿರಿ. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಒಂದೆರಡು ವೋಲ್ಟ್ ಇದ್ದರೆ ಡಿಸಿ ತಡೆದು ಸಿಗ್ನಲ್ ಮಾತ್ರ ಬಿಡಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ.

ಕೊನೆಗೆ ಉಳಿಯುವುದು ಸುಸ್ಸ್. ಮೊದಲ ಹಂತದ 100 ಕಿಲೋ ಓಂ ಪ್ಲೇಟ್ ರೆಸಿಸ್ಟರ್ ಹಳೆ ಕಾರ್ಬನ್ ಕಾಂಪೋಸಿಷನ್ ಆಗಿದ್ದರೆ ತೆಗೆದು ಮೆಟಲ್ ಫಿಲ್ಮ್ ಹಾಕಿ, ಗೊತ್ತಾಗುವಷ್ಟು ಇಳಿಯುತ್ತದೆ. ಪೂರ್ತಿ ಹೋಗುವುದಿಲ್ಲ. ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಏರಿಸಿದಷ್ಟೂ ಅದು ಏರುತ್ತದೆ. ನನ್ನದರಲ್ಲೂ ಸ್ವಲ್ಪ ಇದೆ. ಹಗಲು ಹೊತ್ತು ಪಕ್ಕದ ಮಷಿನ್ ಸದ್ದಿನಲ್ಲಿ ಅದು ಕೇಳಿಸುವುದೇ ಇಲ್ಲ.