ಸರ್ಕ್ಯೂಟ್ ಚಿತ್ರ ನೋಡಿ ಬ್ರೆಡ್‌ಬೋರ್ಡ್ ಮೇಲೆ ಎಲ್‌ಇಡಿ ಮಿಟುಕಿಸಿ

ಬ್ರೆಡ್‌ಬೋರ್ಡ್ (ಬೆಸುಗೆ ಹಾಕದೆ ಸರ್ಕ್ಯೂಟ್ ಕಟ್ಟಲು ಇರುವ ತೂತುಗಳ ಹಲಗೆ) ಕೈಗೆ ಸಿಕ್ಕ ತಕ್ಷಣ ಹೆಚ್ಚಿನವರು ಮಾಡುವ ಕೆಲಸ ಒಂದೇ. ಯಾರೋ ವೈರ್ ಜೋಡಿಸಿಟ್ಟ ಫೋಟೊ ಹುಡುಕಿ, ಕೆಂಪು ವೈರ್ ಆ ತೂತಿಗೆ, ಹಸಿರು ವೈರ್ ಈ ತೂತಿಗೆ ಅಂತ ನೋಡಿ ನೋಡಿ ಚುಚ್ಚುವುದು. ಲೈಟ್ ಹತ್ತಿದರೆ ಸಂತೋಷ. ಹತ್ತದಿದ್ದರೆ? ಯಾವ ವೈರ್ ಯಾಕೆ ಇದೆ ಅನ್ನುವುದೇ ಗೊತ್ತಿಲ್ಲದ ಮೇಲೆ ತಪ್ಪು ಹುಡುಕುವುದಾದರೂ ಹೇಗೆ? ಅದಕ್ಕೇ ಹೇಳುತ್ತೇನೆ, ಫೋಟೊ ಬಿಡಿ. ಗೆರೆಗಳಲ್ಲಿ ಬರೆದ ಸರ್ಕ್ಯೂಟ್ ಚಿತ್ರ ಹಿಡಿಯಿರಿ. ಅದನ್ನು ಓದಲು ಕಲಿತರೆ ಮುಂದೆ ಯಾವ ಸರ್ಕ್ಯೂಟ್ ಬಂದರೂ ನೀವೇ ಕಟ್ಟಬಹುದು.

ನಾವು ತೆಗೆದುಕೊಳ್ಳುವುದು 555 ಟೈಮರ್ ಐಸಿ, ಅಂದರೆ ಒಳಗೇ ಒಂದು ಸರ್ಕ್ಯೂಟ್ ಇರುವ ಎಂಟು ಕಾಲಿನ ಪುಟ್ಟ ಚಿಪ್. ಹಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ವಿನ್ಯಾಸ ಮಾಡಿದ ಐಸಿ ಇದು. ಮಾರ್ಕೆಟ್ಟಿಗೆ ಬಂದಿದ್ದು 1972ರಲ್ಲಿ. ಇವತ್ತಿಗೂ ಎಲ್ಲ ಕಡೆ ಸಿಗುತ್ತದೆ, ಬೆಲೆಯೂ ಕಡಿಮೆ. ಇದರ ಜೊತೆಗೆ 10ಕೆ, 68ಕೆ (ಕೆ ಅಂದರೆ ಸಾವಿರ ಓಮ್), 470 ಓಮ್‌ನ ಒಂದೊಂದು ರೆಸಿಸ್ಟರ್, 10 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ (16 ವೋಲ್ಟ್ ಅಥವಾ 25 ವೋಲ್ಟಿನದು), 103 ಅಂತ ಬರೆದಿರುವ ಬಿಲ್ಲೆಯಂಥ ಪುಟ್ಟ ಕೆಪಾಸಿಟರ್, ಕೆಂಪು ಎಲ್‌ಇಡಿ, 9 ವೋಲ್ಟ್ ಬ್ಯಾಟರಿ ಮತ್ತು ಅದರ ಕ್ಲಿಪ್, ಒಂದಷ್ಟು ಜಂಪರ್ ವೈರ್ ಬೇಕು. ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದ್ದೇ ಇದೆ. ಬೇರೆ ಊರಿನವರು ಟಿವಿ, ರೇಡಿಯೊ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ ನೋಡಿ.

ಮೊದಲು ಬೋರ್ಡ್ ಅರ್ಥ ಮಾಡಿಕೊಳ್ಳಿ. ಅದನ್ನು ಉದ್ದಕ್ಕೆ ನಿಲ್ಲಿಸಿದಂತೆ ಇಟ್ಟುಕೊಂಡರೆ ಅಂಕಿಗಳು ಮೇಲಿನಿಂದ ಕೆಳಕ್ಕೆ ಹೋಗುತ್ತವೆ. ಪ್ರತಿ ಅಂಕಿಯ ಸಾಲಿನಲ್ಲಿ ಎಡಕ್ಕೆ ಐದು ತೂತು, ಬಲಕ್ಕೆ ಐದು ತೂತು, ನಡುವೆ ಕಾಲುವೆ. ಎಡಗಡೆಯ ಐದೂ ಒಳಗೆ ಒಂದಕ್ಕೊಂದು ಸೇರಿವೆ, ಬಲಗಡೆಯ ಐದೂ ಹಾಗೆಯೇ. ಆದರೆ ಕಾಲುವೆ ದಾಟಿ ಯಾವ ಸಂಪರ್ಕವೂ ಇಲ್ಲ. ಎರಡು ಅಂಚುಗಳಲ್ಲಿ ಉದ್ದಕ್ಕೆ ಹೋಗುವ ಪ್ಲಸ್, ಮೈನಸ್ ಪಟ್ಟಿಗಳು ಕರೆಂಟ್ ಹಂಚಲು ಇರುವಂಥವು. ಕೆಲವು ಬೋರ್ಡುಗಳಲ್ಲಿ ಈ ಪಟ್ಟಿ ನಟ್ಟನಡುವೆ ತುಂಡಾಗಿರುತ್ತದೆ. ಪಕ್ಕದ ಕೆಂಪು, ನೀಲಿ ಗೆರೆ ಅಲ್ಲಿ ನಿಂತು ಮತ್ತೆ ಶುರುವಾಗಿದ್ದರೆ ಹಾಗಿದೆ ಅಂತ ತಿಳಿಯಿರಿ. ಮಲ್ಟಿಮೀಟರ್ ಇದ್ದರೆ ಬೀಪ್ ಮೋಡಿನಲ್ಲಿ ನೋಡಿಬಿಡಿ, ಅನುಮಾನ ಉಳಿಯುವುದಿಲ್ಲ.

ಈಗ 555ರಿಂದ ಎಲ್‌ಇಡಿ ಮಿಟುಕಿಸುವ ಸರ್ಕ್ಯೂಟಿನ ಚಿತ್ರ. 555 ಅಲ್ಲಿ ಒಂದು ಚೌಕ, ಅದರ ಸುತ್ತಲಿನ ಅಂಕಿಗಳು ಪಿನ್‌ಗಳು, ಅಂದರೆ ಐಸಿಯ ಕಾಲುಗಳು. ಸಾಮಾನ್ಯವಾಗಿ ಮೇಲೆ 8 ಮತ್ತು 4, ಎಡಕ್ಕೆ 7, 6, 2, ಬಲಕ್ಕೆ 3, ಕೆಳಗೆ 1 ಮತ್ತು 5 ಅಂತ ಬರೆದಿರುತ್ತಾರೆ. ಕೈಯಲ್ಲಿರುವ ಐಸಿಯಲ್ಲಿ ಪಿನ್‌ಗಳು ಈ ಕ್ರಮದಲ್ಲಿ ಇಲ್ಲವೇ ಇಲ್ಲ! ಹೊಸಬರು ಗಾಬರಿಯಾಗುವುದು ಇಲ್ಲೇ. ವಂಶವೃಕ್ಷದಲ್ಲಿ ಯಾರಿಗೆ ಯಾರು ಏನಾಗಬೇಕು ಅಂತ ಇರುತ್ತದೆಯೇ ಹೊರತು ಯಾರ ಮನೆ ಯಾವ ಬೀದಿಯಲ್ಲಿದೆ ಅಂತ ಇರುವುದಿಲ್ಲ, ಅಲ್ವಾ? ಸರ್ಕ್ಯೂಟ್ ಚಿತ್ರವೂ ಅಷ್ಟೇ. ಯಾವುದಕ್ಕೆ ಯಾವುದು ಸೇರಿದೆ ಅನ್ನುವುದನ್ನು ಮಾತ್ರ ಹೇಳುತ್ತದೆ. ಎಲ್ಲಿ ಇಡಬೇಕು ಅನ್ನುವುದು ನಿಮ್ಮ ಇಷ್ಟ. ಇನ್ನೊಂದು ವಿಷಯ, ಎರಡು ಗೆರೆ ಸೇರುವ ಕಡೆ ಚುಕ್ಕೆ ಇದ್ದರೆ ಅವು ಕೂಡಿವೆ ಅಂತ ಅರ್ಥ. ಚುಕ್ಕೆ ಇಲ್ಲದೆ ಸುಮ್ನೆ ಒಂದನ್ನೊಂದು ದಾಟಿ ಹೋಗಿದ್ದರೆ ಕೂಡಿಲ್ಲ.

ಹಾಗಾಗಿ ಬೋರ್ಡ್ ಮುಟ್ಟುವ ಮುಂಚೆ ಕಾಗದ, ಪೆನ್ಸಿಲ್ ತೆಗೆದುಕೊಂಡು ಚಿತ್ರದಲ್ಲಿ ಒಂದಕ್ಕೊಂದು ಕೂಡಿದ ಗೆರೆಗಳನ್ನೆಲ್ಲ ಒಂದೊಂದು ಗುಂಪಾಗಿ ಬರೆಯಿರಿ. ಪ್ಲಸ್ ಗುಂಪಿನಲ್ಲಿ ಬ್ಯಾಟರಿಯ ಪ್ಲಸ್, ಪಿನ್ 8, ಪಿನ್ 4, 10ಕೆ ರೆಸಿಸ್ಟರಿನ ಒಂದು ಕಾಲು. ಎರಡನೆಯದರಲ್ಲಿ 10ಕೆಯ ಇನ್ನೊಂದು ಕಾಲು, ಪಿನ್ 7, 68ಕೆಯ ಒಂದು ಕಾಲು. ಮೂರನೆಯದು 68ಕೆಯ ಇನ್ನೊಂದು ಕಾಲು, ಪಿನ್ 6, ಪಿನ್ 2, 10 ಮೈಕ್ರೋಫ್ಯಾರಡ್ ಕೆಪಾಸಿಟರಿನ ಪ್ಲಸ್. ಪಿನ್ 3 ಮತ್ತು 470 ಓಮ್ ಸೇರಿ ಒಂದು, 470ರ ಇನ್ನೊಂದು ಕಾಲು ಮತ್ತು ಎಲ್‌ಇಡಿಯ ಉದ್ದ ಕಾಲು ಸೇರಿ ಒಂದು, ಪಿನ್ 5 ಮತ್ತು 103ರ ಒಂದು ಕಾಲು ಸೇರಿ ಒಂದು. ಉಳಿದದ್ದೆಲ್ಲ, ಅಂದರೆ ಪಿನ್ 1, ಎರಡೂ ಕೆಪಾಸಿಟರುಗಳ ಉಳಿದ ಕಾಲು, ಎಲ್‌ಇಡಿಯ ಗಿಡ್ಡ ಕಾಲು, ಬ್ಯಾಟರಿಯ ಮೈನಸ್, ಗ್ರೌಂಡ್ ಗುಂಪು. ಒಟ್ಟು 7 ಗುಂಪು. ಒಂದು ಗುಂಪಿಗೆ ಬೋರ್ಡಿನಲ್ಲಿ ಒಂದು ಸಾಲು ಅಥವಾ ಒಂದು ಪಟ್ಟಿ. ಗುಂಪು ಎರಡು ಸಾಲಿಗೆ ಹರಡಿದರೆ ಜಂಪರ್ ಹಾಕಿ ಸೇರಿಸಬೇಕು. ಈ ಗುಂಪುಗಳನ್ನು ಸರಿಯಾಗಿ ಬರೆದರೆ ಅರ್ಧ ಕೆಲಸ ಮುಗಿದಂತೆ.

ಐಸಿಯ ಒಂದು ತುದಿಯಲ್ಲಿ ಅರ್ಧಚಂದ್ರದಂಥ ಕಚ್ಚು ಇರುತ್ತದೆ, ಅಥವಾ ಒಂದು ಮೂಲೆಯಲ್ಲಿ ಚುಕ್ಕೆ. ಕಚ್ಚು ಮೇಲೆ ಬರುವಂತೆ ಹಿಡಿದರೆ ಮೇಲಿನ ಎಡ ಮೂಲೆ ಪಿನ್ 1. ಅಲ್ಲಿಂದ ಎಡಬದಿಯಲ್ಲಿ ಕೆಳಕ್ಕೆ 4ರವರೆಗೆ, ಆಮೇಲೆ ಬಲಬದಿಯಲ್ಲಿ ಕೆಳಗಿನಿಂದ ಮೇಲಕ್ಕೆ 5ರಿಂದ 8. ಐಸಿಯನ್ನು ಕಾಲುವೆಯ ಆಚೆಈಚೆ ಕಾಲಿರುವಂತೆ 20ರಿಂದ 23ನೇ ಸಾಲಿನಲ್ಲಿ ಕೂರಿಸಿ. ಹೊಸ ಐಸಿಯ ಕಾಲುಗಳು ಸ್ವಲ್ಪ ಅಗಲಕ್ಕೆ ಚಾಚಿರುತ್ತವೆ. ಮೇಜಿಗೆ ಒತ್ತಿ ಒಳಕ್ಕೆ ಬಾಗಿಸಿಕೊಳ್ಳಿ, ಇಲ್ಲದಿದ್ದರೆ ಯಾವುದಾದರೂ ಕಾಲು ತೂತಿಗೆ ಹೋಗದೆ ಐಸಿಯ ಕೆಳಗೆ ಮಡಚಿಕೊಂಡುಬಿಡುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ.

ಇನ್ನು ಜೋಡಿಸಿ. ಎರಡು ಅಂಚಿನ ಪ್ಲಸ್ ಪಟ್ಟಿಗಳನ್ನು ಒಂದು ವೈರಿನಿಂದ, ಮೈನಸ್ ಪಟ್ಟಿಗಳನ್ನು ಇನ್ನೊಂದರಿಂದ ಸೇರಿಸಿ. ಎಡಗಡೆ 20ರಿಂದ (ಪಿನ್ 1) ಮೈನಸ್ಸಿಗೆ, 23ರಿಂದ (ಪಿನ್ 4) ಪ್ಲಸ್ಸಿಗೆ ವೈರ್. ಬಲಗಡೆ 20ರಿಂದ (ಪಿನ್ 8) ಪ್ಲಸ್ಸಿಗೆ. 10ಕೆ ರೆಸಿಸ್ಟರ್ (ಕಂದು, ಕಪ್ಪು, ಕಿತ್ತಳೆ) ಪ್ಲಸ್ ಪಟ್ಟಿಯಿಂದ ಬಲಗಡೆಯ 21ಕ್ಕೆ. 68ಕೆ (ನೀಲಿ, ಬೂದು, ಕಿತ್ತಳೆ) ಬಲಗಡೆಯ 21ರಿಂದ 22ಕ್ಕೆ. ಪಕ್ಕಪಕ್ಕದ ಸಾಲು ಆದ್ದರಿಂದ ರೆಸಿಸ್ಟರನ್ನು ನೆಟ್ಟಗೆ ನಿಲ್ಲಿಸಬೇಕಾಗುತ್ತದೆ. ಪಿನ್ 6 ಬಲಗಡೆಯ 22ರಲ್ಲಿದೆ, ಪಿನ್ 2 ಎಡಗಡೆಯ 21ರಲ್ಲಿ. ಇವೆರಡನ್ನೂ ಐಸಿಯ ಮೇಲಿನಿಂದ ಹಾದು ಹೋಗುವ ಜಂಪರಿನಿಂದ ಸೇರಿಸಿ. ಜಾಸ್ತಿ ಜನ ಮರೆಯುವ ವೈರ್ ಇದೇ. ದೊಡ್ಡ ಕೆಪಾಸಿಟರಿನ ಉದ್ದ ಕಾಲು ಎಡಗಡೆಯ 21ಕ್ಕೆ, ಬಿಳಿ ಪಟ್ಟೆ ಇರುವ ಬದಿಯ ಕಾಲು ಮೈನಸ್ಸಿಗೆ. 103 ಬಲಗಡೆಯ 23ರಿಂದ ಮೈನಸ್ಸಿಗೆ, ಹೇಗೆ ಹಾಕಿದರೂ ನಡೆಯುತ್ತದೆ. 470 ಓಮ್ (ಹಳದಿ, ನೇರಳೆ, ಕಂದು) ಎಡಗಡೆಯ 22ರಿಂದ 30ಕ್ಕೆ. ಎಲ್‌ಇಡಿಯ ಉದ್ದ ಕಾಲು 30ಕ್ಕೆ, ಗಿಡ್ಡ ಕಾಲು 31ಕ್ಕೆ, 31ರಿಂದ ಮೈನಸ್ಸಿಗೆ ವೈರ್. ಒಂದೊಂದು ಜೋಡಿಸಿದಾಗಲೂ ಚಿತ್ರದಲ್ಲಿ ಆ ಗೆರೆಯ ಮೇಲೆ ಪೆನ್ಸಿಲಿನಿಂದ ತಿದ್ದುತ್ತಾ ಹೋಗಿ. ತಿದ್ದದೆ ಉಳಿದ ಗೆರೆ ಅಂದರೆ ಹಾಕದೆ ಉಳಿದ ವೈರ್.

ಬ್ಯಾಟರಿ ಕೊನೆಗೆ. ಇಲ್ಲಿ ಬ್ಯಾಟರಿ ಮಾತ್ರ, ಮನೆಯ 230 ವೋಲ್ಟ್ ಕರೆಂಟನ್ನು ಬ್ರೆಡ್‌ಬೋರ್ಡಿನ ಹತ್ತಿರವೂ ತರಬೇಡಿ.

ಎಲ್ಲ ಸರಿಯಿದ್ದರೆ ಎಲ್‌ಇಡಿ ಸುಮಾರು ಸೆಕೆಂಡಿಗೊಮ್ಮೆ ಮಿಟುಕುತ್ತದೆ. ಲೆಕ್ಕ ಬೇಕಿದ್ದರೆ: 68ಕೆಯ ಎರಡರಷ್ಟಕ್ಕೆ 10ಕೆ ಕೂಡಿಸಿ, ಅದನ್ನು ಕೆಪಾಸಿಟರಿನ ಮೌಲ್ಯದಿಂದ ಗುಣಿಸಿ (ಓಮ್ ಮತ್ತು ಫ್ಯಾರಡ್ ಲೆಕ್ಕದಲ್ಲಿ), 1.44ನ್ನು ಅದರಿಂದ ಭಾಗಿಸಿ. 0.99 ಬರುತ್ತದೆ, ಅಂದರೆ ಸೆಕೆಂಡಿಗೆ ಅಷ್ಟು ಸಲ. ಮೊದಲ ಬೆಳಕು ಮಾತ್ರ ಉಳಿದವಕ್ಕಿಂತ ಉದ್ದ, ಏಕೆಂದರೆ ಆಗ ಕೆಪಾಸಿಟರ್ ಸೊನ್ನೆಯಿಂದ ತುಂಬಬೇಕು.

ಮಿಟುಕದೆ ಹತ್ತಿಕೊಂಡೇ ನಿಂತರೆ ಮೊದಲು 2 ಮತ್ತು 6ರ ನಡುವಿನ ಜಂಪರ್ ನೋಡಿ. ಒಮ್ಮೆ ಹೊತ್ತಿ ಆರಿದ್ದು ಮತ್ತೆ ಹೊತ್ತದಿದ್ದರೆ ಪಿನ್ 7 ಸೇರಿಲ್ಲ, ಕೆಪಾಸಿಟರಿಗೆ ಖಾಲಿಯಾಗಲು ದಾರಿಯಿಲ್ಲ. ಏನೂ ಆಗದಿದ್ದರೆ ಎಲ್‌ಇಡಿ ತಿರುವುಮುರುವಾಗಿರಬಹುದು, ಇಲ್ಲವೇ ಅಂಚಿನ ಪಟ್ಟಿ ನಡುವೆ ತುಂಡಾಗಿರಬಹುದು. ಐಸಿ ಬಿಸಿಯಾದರೆ ಆ ಕ್ಷಣವೇ ಬ್ಯಾಟರಿ ತೆಗೆಯಿರಿ, ಐಸಿಯನ್ನು ಉಲ್ಟಾ ಕೂರಿಸಿರುವ ಸಾಧ್ಯತೆ ಜಾಸ್ತಿ.

ಇಷ್ಟಾದ ಮೇಲೆ ಬೋರ್ಡ್ ಬಿಚ್ಚಿಬಿಡಬೇಡಿ. 10ರ ಜಾಗಕ್ಕೆ 100 ಮೈಕ್ರೋಫ್ಯಾರಡ್ ಹಾಕಿ. ಈಗ ಒಂದು ಸುತ್ತಿಗೆ ಸುಮಾರು 10 ಸೆಕೆಂಡ್. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿ ಮೈನಸ್ಸಿಗೆ, ಕೆಂಪು ಕಡ್ಡಿ ಕೆಪಾಸಿಟರಿನ ಪ್ಲಸ್ಸಿಗೆ ಹಿಡಿಯಿರಿ. ಅಂಕಿ ನಿಧಾನವಾಗಿ 6 ವೋಲ್ಟಿನ ಹತ್ತಿರ ಏರುತ್ತದೆ, ಎಲ್‌ಇಡಿ ಆರುತ್ತದೆ. 3ರ ಹತ್ತಿರ ಇಳಿಯುತ್ತದೆ, ಎಲ್‌ಇಡಿ ಹೊತ್ತುತ್ತದೆ. ಐಸಿಯ ಒಳಗೆ ಸರಣಿಯಲ್ಲಿರುವ ಮೂರು 5ಕೆ ರೆಸಿಸ್ಟರುಗಳು ಬ್ಯಾಟರಿಯ 9 ವೋಲ್ಟನ್ನು ಮೂರು ಪಾಲು ಮಾಡಿ ಈ ಎರಡು ಗಡಿ ಹಾಕಿವೆ. ಬ್ಯಾಟರಿ ಹಳೆಯದಾಗಿ 8 ವೋಲ್ಟಿಗೆ ಇಳಿದಿದ್ದರೆ ಗಡಿಗಳೂ ಅದೇ ಲೆಕ್ಕದಲ್ಲಿ ಇಳಿಯುತ್ತವೆ, ಮಿಟುಕುವ ವೇಗ ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅದನ್ನೂ ಮೀಟರಿನಲ್ಲಿ ಅಳೆದು ನೋಡಿ.