ಮೊಡವೆಗೆ ಲೋಳೆಸರ: ಹಳದಿ ನೀರು ಮೊದಲು ಇಳಿಯಲಿ

ಮೊಡವೆ ಎದ್ದ ಕೂಡಲೇ ಲಿಂಬೆಹುಳಿ ಹಿಂಡಿ ಮುಖಕ್ಕೆ ಉಜ್ಜಲು ಈ ಮಕ್ಕಳಿಗೆ ಯಾರು ಹೇಳಿಕೊಟ್ಟರೋ! ಹಾಗೆಯೇ ಮಂಗಳೂರಿನ ಬಿಸಿಲಿಗೆ ಹೊರಟರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತದೆ. ಲಿಂಬೆ, ಬಿಂಬುಳಿ ಎಲ್ಲ ಹಿತ್ತಾಳೆ ದೀಪ ತಿಕ್ಕಲಿಕ್ಕೆ ಸರಿ. ಅದನ್ನೂ ಹುಳಿ ಹಚ್ಚಿ ಬಿಟ್ಟುಬಿಡಬೇಡಿ. ಕೂಡಲೇ ತೊಳೆದು ಒಣಬಟ್ಟೆಯಲ್ಲಿ ಒರೆಸಿ.

ನಮ್ಮ ಮನೆಯಲ್ಲಿ ಮೊಡವೆಗೆ ಲೋಳೆಸರ. ಈಗಿನವರು ಎಲೆ ಮುರಿದು ಹಾಗೆಯೇ ಉಜ್ಜುತ್ತಾರೆ, ಆಮೇಲೆ ತುರಿಕೆ, ಉರಿ ಅಂತ ಅಳುತ್ತಾರೆ. ಸಿಪ್ಪೆಯ ಅಡಿಯಲ್ಲಿರುವ ಹಳದಿ ನೀರು ಚರ್ಮಕ್ಕೆ ಆಗುವುದಿಲ್ಲ, ಗೊತ್ತಿರಲಿ. ಬುಡದ ದಪ್ಪ ಎಲೆ ಕೊಯ್ಯಿರಿ. ಕೊಯ್ದ ಬದಿ ಕೆಳಗೆ ಮಾಡಿ ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ. ಹಳದಿ ನೀರು ಒಸರಿ ತಳಕ್ಕೆ ಇಳಿಯುತ್ತದೆ, ಮೂಗಿಗೆ ಘಾಟು ಹೊಡೆಯುತ್ತದೆ. ಒಸರುವುದು ನಿಲ್ಲುವ ತನಕ ಮುಟ್ಟಬೇಡಿ. ಆಮೇಲೆ ತೊಳೆದು, ಮುಳ್ಳಿನ ಅಂಚು ತೆಗೆದು, ಸಿಪ್ಪೆಯನ್ನು ಸ್ವಲ್ಪ ದಪ್ಪವಾಗಿಯೇ ಕೆತ್ತಿ. ಲೋಳೆ ಹೋಯಿತು ಅಂತ ಜಿಪುಣತನ ಬೇಡ. ತಿಳಿ ಲೋಳೆಯನ್ನು ಇನ್ನೊಮ್ಮೆ ನೀರಿನಲ್ಲಿ ಜಾಲಿಸಿ. ನಮ್ಮ ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಳದಿ ಎಳೆ ಕಂಡರೆ ಕತ್ತರಿಸಿ ಬಿಸಾಡಿ, ಆಮೇಲೆಯೇ ಕೈಗೆ ಕೊಡುತ್ತಿದ್ದರು. ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಒಂದು ದಿನ ನೋಡಿ. ಏನೂ ಆಗದಿದ್ದರೆ ಮುಖಕ್ಕೆ ತೆಳ್ಳಗೆ ಹಚ್ಚಿ.

ಲೋಳೆಸರ ಒಂದರಿಂದಲೇ ಮೊಡವೆ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. 2014ರಲ್ಲಿ ಪ್ರಕಟವಾದ ಇರಾನಿನ ಒಂದು ಅಧ್ಯಯನದಲ್ಲಿ ಟ್ರೆಟಿನಾಯಿನ್ ಅನ್ನುವ ಮೊಡವೆ ಮುಲಾಮಿನ ಜೊತೆ ಲೋಳೆಸರ ಹಚ್ಚಿದವರಿಗೆ, ಬರೀ ಮುಲಾಮು ಹಚ್ಚಿದವರಿಗಿಂತ ಜಾಸ್ತಿ ಗುಣ ಕಂಡಿತ್ತು. ಮದ್ದಿನ ಜೊತೆಗೆ ಹಚ್ಚಿದ್ದು, ಮದ್ದು ಬಿಟ್ಟಲ್ಲ. ಬೇವು, ಅರಿಶಿನ ಪ್ರಯೋಗಾಲಯದಲ್ಲಿ ಮೊಡವೆಯ ಬ್ಯಾಕ್ಟೀರಿಯಾವನ್ನು ತಡೆದಿವೆ, ಹೌದು. ಮುಖದ ಮೇಲೆ ಅಷ್ಟೇ ಕೆಲಸ ಮಾಡುತ್ತವೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಆಸ್ಟ್ರೇಲಿಯಾದ ಒಂದು ಮರದ ಎಲೆಯಿಂದ ತೆಗೆಯುವ ಟೀ ಟ್ರೀ ಎಣ್ಣೆಯದು ಸ್ವಲ್ಪ ಬೇರೆ. 1990ರಲ್ಲಿ ಆಸ್ಟ್ರೇಲಿಯಾದವರು 124 ಮಂದಿಯ ಮೇಲೆ ನೋಡಿದ್ದರು. ಶೇ. 5ರ ಟೀ ಟ್ರೀ ಜೆಲ್ ಬೆಂಜಾಯಿಲ್ ಪೆರಾಕ್ಸೈಡ್ ಅನ್ನುವ ಮೊಡವೆ ಮದ್ದಿಗಿಂತ ನಿಧಾನ, ಆದರೆ ಮೊಡವೆ ಇಳಿಸಿತು, ಉಪದ್ರವೂ ಕಡಿಮೆ. ಹಾಗಂತ ಶೀಶೆಯ ಎಣ್ಣೆಯನ್ನು ಸುಮ್ನೆ ನೇರ ಸುರಿಯಬೇಡಿ, ಮುಖ ಸುಡುತ್ತದೆ.

ತೆಂಗಿನೆಣ್ಣೆ ತಲೆಗೆ ಹಚ್ಚಿ, ಬೇಡ ಅನ್ನುವುದಿಲ್ಲ. ನಮ್ಮ ಸೆಕೆಗೆ ಅದು ಬೆವರಿನ ಜೊತೆ ಹಣೆಗೆ ಇಳಿದು ರಂಧ್ರ ಕಟ್ಟುತ್ತದೆ. ಅಲ್ಲೇ ಮೊಡವೆ ಸಾಲಾಗಿ ಏಳುವುದು ನೋಡಿದ್ದೀರಲ್ವಾ? ರಾತ್ರಿಯಿಡೀ ಇಡಬೇಡಿ, ಸ್ನಾನಕ್ಕೆ ಮುಂಚೆ ಹಚ್ಚಿದರೆ ಸಾಕು. ಇನ್ನು ಗಂಟು ಗಂಟಾಗಿ ನೋಯುತ್ತಿದ್ದರೆ, ಗುಳಿ ಬೀಳುತ್ತಿದ್ದರೆ, ಲೋಳೆಸರ ಹುಡುಕುತ್ತಾ ಕೂರದೆ ಚರ್ಮದ ಡಾಕ್ಟರಿಗೆ ತೋರಿಸಿ. ಬಿದ್ದ ಗುಳಿಯನ್ನು ಯಾವ ಸೊಪ್ಪೂ ತುಂಬಿಸುವುದಿಲ್ಲ.